ಬಲೆಯ ಕೆಲಸಕ್ಕೆ ಬಂದವಳು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ, ಊರೆಲ್ಲ ಕಣ್ಣು ಬಿಟ್ಟುಕೊಂಡಿರುವ ಹೊತ್ತಿನಲ್ಲಿ, ಎಂಬತ್ತಾರು ವರ್ಷದ ಸ್ಟಮಾಟಿಸ್ ಥೆವೆನಾರ್ಡ್ ಬಂದರಿನ ಧಕ್ಕೆಗೆ ನಡೆದುಹೋಗಿ ಮೀನುಗಾರ ಪಾಂಡೆಲಿಸನ ದೋಣಿಯ ಹಗ್ಗಗಳನ್ನು ಬಿಚ್ಚಿದ. ಹಿಂದಿನದು ಮೊದಲು, ಮುಂದಿನದು ಆಮೇಲೆ, ಎಲ್ಲ ಕ್ರಮವಾಗಿ. ಹಗ್ಗ ಬಿಚ್ಚಿದ ಮೇಲೆ ತಾನೂ ದೋಣಿ ಹತ್ತಬೇಕು ಎಂಬುದೊಂದು ಮಾತ್ರ ಮರೆತುಹೋಯಿತು. ದೋಣಿ ತನ್ನ ಪಾಡಿಗೆ ತಾನು ಗೋಧಿ ತುಂಬಿಸಿಕೊಳ್ಳುತ್ತಿದ್ದ ಹಡಗಿನ ಕಡೆಗೆ ತೇಲಿಹೋಯಿತು. ಮುದುಕ ದಡದಲ್ಲಿ ನಿಂತು ಅದಕ್ಕೆ ಕೈ ಬೀಸಿದ.

ದೋಣಿ ಹಿಡಿದು ತರುವಷ್ಟರಲ್ಲಿ ಪಾಂಡೆಲಿಸನಿಗೆ ಮಧ್ಯಾಹ್ನವಾಯಿತು. ಆಮೇಲೆ ಅವನೇ ಮುದುಕನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಮನೆಗೆ ತಂದು ಬಿಟ್ಟ. ಬಾಗಿಲಲ್ಲಿ ನಿಂತಿದ್ದ ಸೊಸೆ ಲೊರೇನಳ ಮುಖ ಸುಣ್ಣದ ಹಾಗಾಗಿತ್ತು. ಅವಳು ಎರಡು ಗಂಟೆ ಕಾಲ ಬೀದಿ ಬೀದಿ ಹುಡುಕಿ ಆಗಷ್ಟೇ ವಾಪಸು ಬಂದಿದ್ದಳು.

"ದೋಣಿ ಹೋದ್ರೆ ಹೋಗ್ಲಿ, ಸಿಕ್ತು," ಎಂದ ಪಾಂಡೆಲಿಸ್. "ಮುಂದಿನ ಸಲ ದೊಡ್ಡಪ್ಪ ತಾನೇ ನೀರಿಗೆ ಬೀಳ್ತಾನೆ, ಅದೇ ನನ್ ಭಯ. ಕೈಗೆ ಏನಾದ್ರೂ ಕೆಲ್ಸ ಕೊಡು ಲೊರೇನ್. ಇಂಥೋರ ಕೈ ಸುಮ್ನೆ ಕೂತ್ರೆ ಕಾಲು ಓಡೋಕೆ ಶುರು ಮಾಡುತ್ತೆ."

"ಏನ್ ಕೆಲ್ಸ ಕೊಡ್ಲಿ ಪಾಂಡೆಲಿಸ್? ನಾನು ಯಾರು ಅಂತ್ಲೇ ಅವ್ರಿಗೆ ಗೊತ್ತಿಲ್ಲ."

ಅದು ನಿಜವಾಗಿತ್ತು. ಒಂದು ದಿನ ಅವಳನ್ನು ನರ್ಸ್ ಎಂದುಕೊಳ್ಳುತ್ತಿದ್ದ, ಇನ್ನೊಂದು ದಿನ ತೀರಿಕೊಂಡ ಹೆಂಡತಿಯ ಗೆಳತಿ ಎಂದು. ಸೊಸೆ ಎಂದು ಮಾತ್ರ ಒಂದು ದಿನವೂ ಅಂದುಕೊಂಡಿರಲಿಲ್ಲ. ನೆನಪು ಗಟ್ಟಿಯಾಗಿದ್ದ ಕಾಲದಲ್ಲೂ ಅವನು ಹಾಗೆ ಅಂದುಕೊಂಡವನಲ್ಲ. ಲೊರೇನ್ ಒಳನಾಡಿನ ವಿರುಲ್ಲಾದ ಗೋಧಿ ರೈತನ ಮಗಳು. ಮೂವತ್ತಮೂರು ವರ್ಷದ ಹಿಂದೆ ಅವನ ಒಬ್ಬನೇ ಮಗ ಮಿಹಾಲಿಸ್ ಅವಳನ್ನು ಮದುವೆಯಾಗುತ್ತೇನೆ ಎಂದಾಗ, "ಗ್ರೀಕರಲ್ಲಿ ಹೆಣ್ಣಿಗೆ ಬರಗಾಲವಾ?" ಎಂದು ಕೇಳಿದವನು ಮದುವೆಯ ದಿನ ಬೇಕೆಂದೇ ಮೀನಿಗೆ ಹೊರಟುಹೋಗಿದ್ದ. ಆಮೇಲೆ ಕೋಪ ಇಳಿದರೂ ಬಾಯಿ ಇಳಿಯಲಿಲ್ಲ. "ಗೋಧಿಯವಳು" ಎಂದೇ ಕರೆಯುತ್ತಿದ್ದ. ಗೋಧಿಯವಳಿಗೆ ಮೀನು ಬಿಡಿಸಲು ಬರುವುದಿಲ್ಲ, ಗೋಧಿಯವಳಿಗೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಗೊತ್ತಾಗುವುದಿಲ್ಲ. ಅತ್ತೆ ಕಲ್ಲಿಯೋಪಿ ಮಾತ್ರ ಅವಳನ್ನು ಅಡುಗೆಮನೆಗೆ ಕರೆದು, ಹಿಟ್ಟು ನಾದಿಸುತ್ತಾ ನಾದಿಸುತ್ತಾ ತಮ್ಮ ಗ್ರೀಕ್ ಭಾಷೆ ಕಲಿಸಿದ್ದಳು. ಆ ಅಡುಗೆಮನೆಯ ಭಾಷೆಯೇ ಈಗ ಉಪಯೋಗಕ್ಕೆ ಬಂದಿತ್ತು. ಕಲ್ಲಿಯೋಪಿ ಹೋಗಿ ನಾಲ್ಕು ವರ್ಷವಾಗಿತ್ತು. ಅವಳ ಹಿಂದೆಯೇ ಮುದುಕನ ಇಂಗ್ಲಿಷೂ ಒಂದೊಂದೇ ಪದವಾಗಿ ಹೊರಟುಹೋಗಿತ್ತು.

ಮಿಹಾಲಿಸ್ ದೂರದ ಪೋರ್ಟ್ ಲಿಂಕನ್ನಿನ ಟ್ಯೂನಾ ಮೀನಿನ ದೋಣಿಗಳಲ್ಲಿ ಎಂಜಿನ್ ನೋಡಿಕೊಳ್ಳುವವನು. ಹೋದರೆ ಎರಡು ಮೂರು ತಿಂಗಳು ಇಲ್ಲ. ಲೊರೇನ್ ಶಾಲೆಯ ಕ್ಯಾಂಟೀನಿನ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಳು.

ದೋಣಿಯ ಸುದ್ದಿ ಕೇಳಿ ಆ ವಾರವೇ, ಮುದುಕನನ್ನು ನೋಡಲು ಮನೆಗೆ ಬರುತ್ತಿದ್ದ ನರ್ಸ್ ಬ್ರೊನ್ವಿನ್ ಒಂದು ಪುಟ್ಟ ಪುಸ್ತಕ ತಂದುಕೊಟ್ಟಳು. ಮರೆವಿನ ಕಾಯಿಲೆಯವರ ಕೈಗೆ ಕೊಡಬಹುದಾದ ಸುಲಭದ ಕೆಲಸಗಳು ಅದರಲ್ಲಿದ್ದವು. ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುವುದು, ಟವೆಲ್ ಮಡಿಸುವುದು, ಬಟಾಣಿ ಸುಲಿಯುವುದು, ಮರದ ತುಂಡು ಜೋಡಿಸುವುದು.

"ಒಂದು ಹಿಡಿಸಲಿಲ್ಲ ಅಂದ್ರೆ ಇನ್ನೊಂದು," ಎಂದಳು ಬ್ರೊನ್ವಿನ್. "ಮಾಡಿದ್ದು ತಪ್ಪು ಅಂತ ಮಾತ್ರ ಹೇಳ್ಬೇಡ."

ಲೊರೇನ್ ಮನೆಯಲ್ಲಿದ್ದ ಗುಂಡಿಗಳನ್ನೆಲ್ಲ ಒಂದು ಬಟ್ಟಲಿಗೆ ಸುರಿದು ಮುದುಕನ ಮುಂದಿಟ್ಟಳು. ಅವನು ಐದು ನಿಮಿಷ ಬೆರಳಾಡಿಸಿ ಬಟ್ಟಲನ್ನು ಅವಳ ಕಡೆ ತಳ್ಳಿದ.

"ನಿನ್ನ ಅಂಗಿಗೆ ಗುಂಡಿ ಬೇಕಾದ್ರೆ ನೀನೇ ಹುಡುಕ್ಕೋ."

ಬಟಾಣಿ ಸರಿಹೋಯಿತು. ಹೆಬ್ಬೆರಳಿನಿಂದ ಸಿಪ್ಪೆ ಸೀಳಿ, ಕಾಳು ಉದುರಿಸಿ, ನಾಲ್ಕಕ್ಕೆ ಒಂದು ಬಾಯಿಗೆ ಹಾಕಿಕೊಳ್ಳುತ್ತಾ ಸುಖವಾಗಿ ಕೂತ. ಆದರೆ ಎಷ್ಟು ಬಟಾಣಿ ತಂದರೂ ಅರ್ಧ ಗಂಟೆಗೆ ಮುಗಿಯುತ್ತಿತ್ತು, ದಿನವೋ ಮುಗಿಯುತ್ತಿರಲಿಲ್ಲ. ಟವೆಲ್ ಆರು ಮಡಿಸಿದ. ಲೊರೇನ್ ಆ ಆರನ್ನೂ ಒಳಗೆ ಒಯ್ದು, ಕೆದರಿ, ಬುಟ್ಟಿಗೆ ಹಾಕಿ ಮತ್ತೆ ತಂದಿಟ್ಟಳು. ಅವನು ನೀಲಿ ಟವೆಲನ್ನು ಎತ್ತಿ ನೋಡಿದ, ಆಮೇಲೆ ಅವಳನ್ನು ನೋಡಿದ.

"ಇದನ್ನ ಈಗ ತಾನೇ ಮಡಿಸಿದ್ನಲ್ಲ. ನನ್ನನ್ನ ಹುಚ್ಚ ಅಂದ್ಕೊಂಡ್ಯಾ?"

ಐದು ನಿಮಿಷದ ಹಿಂದಿನ ಊಟ ನೆನಪಿರದವನಿಗೆ ನೀಲಿ ಟವೆಲ್ ಹೇಗೆ ನೆನಪುಳಿಯಿತೋ! ಲೊರೇನ್ ನಾಚಿ ಬುಟ್ಟಿ ಒಳಗಿಟ್ಟಳು. ಅವನು ಎದ್ದು ಬಾಗಿಲ ಚಿಲಕ ಅಲ್ಲಾಡಿಸತೊಡಗಿದ.

ಮರುದಿನ ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಈರುಳ್ಳಿ ತುಂಬಿ ಬಂದಿದ್ದ ಕಿತ್ತಳೆ ಬಣ್ಣದ ಬಲೆಚೀಲ ಹರಿದು ಮೇಜಿನ ಮೇಲೆ ಬಿದ್ದಿತ್ತು. ತಿರುಗಿ ನೋಡಿದರೆ ಮುದುಕ ಅದನ್ನು ಮೊಣಕಾಲಿನ ಮೇಲೆ ಹರಡಿಕೊಂಡಿದ್ದ. ಎಲ್ಲಿಂದಲೋ ಒಂದು ತುಂಡು ದಾರ ಹುಡುಕಿ ಹರಿದ ಕಣ್ಣುಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದ. ಬೆರಳುಗಳು ನಡುಗುತ್ತಿರಲಿಲ್ಲ. ಚಮಚ ಹಿಡಿದರೆ ಸಾರು ಚೆಲ್ಲುತ್ತಿದ್ದ ಕೈ ಅದೇ.

ಲೊರೇನ್ ಒಲೆ ಆರಿಸಿ ಹಿತ್ತಿಲ ತಗಡಿನ ಶೆಡ್ಡಿಗೆ ಹೋದಳು. ಹನ್ನೆರಡು ವರ್ಷದಿಂದ ಯಾರೂ ಮುಟ್ಟದ ಹಳೆಯ ಬಲೆ ತೊಲೆಯ ಮೇಲೆ ಧೂಳು ತಿನ್ನುತ್ತಾ ಬಿದ್ದಿತ್ತು. ಅದನ್ನು ಎಳೆದು ಕೆಡವಿ, ಝಾಡಿಸಿ, ಗೋಡೆಯ ಮೊಳೆಗಳಿಗೆ ಸಿಕ್ಕಿಸಿ ಹರಡಿದಳು. ಡಬ್ಬಿಯೊಂದರಲ್ಲಿ ಬಲೆ ಹೆಣೆಯುವ ಚಪ್ಪಟೆ ಸೂಜಿಗಳು ಸಿಕ್ಕವು, ದಾರದ ಉಂಡೆಯೂ ಸಿಕ್ಕಿತು. ಮುದುಕನನ್ನು ಕೈಹಿಡಿದು ಕರೆತಂದಳು.

ಅವನು ಹೊಸ್ತಿಲಲ್ಲೇ ನಿಂತು ಮೂಗಿನಿಂದ ಉದ್ದಕ್ಕೆ ಉಸಿರೆಳೆದ. "ಯಾರು ಇದನ್ನ ಈ ಸ್ಥಿತಿಗೆ ತಂದದ್ದು?" ಎಂದು ಗದರಿ, ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟ.

ಅಂದಿನಿಂದ ಮನೆ ಬದಲಾಯಿತು. ಬೆಳಿಗ್ಗೆ ಕಾಫಿ ಕುಡಿದ ಕೂಡಲೇ ಮುದುಕ ಶೆಡ್ಡಿಗೆ ಹೊರಡುತ್ತಿದ್ದ. ಹನ್ನೆರಡಕ್ಕೆ ಬ್ರೆಡ್ಡು, ಆಲಿವ್, ಹುರಿದ ಕಾಣೆ ಮೀನು ಅಲ್ಲಿಗೇ ಬರುತ್ತಿತ್ತು. ಊಟವಾದ ಮೇಲೆ ಒಂದು ಗಂಟೆ ನಿದ್ದೆ, ಮತ್ತೆ ಕೆಲಸ. ಬಾಗಿಲ ಚಿಲಕದ ಸದ್ದೇ ನಿಂತಿತು. ಲೊರೇನ್ ಬಾಗಿಲ ಬಳಿ ಬಟ್ಟೆ ಇಸ್ತ್ರಿ ಮಾಡುತ್ತಾ, ತರಕಾರಿ ಹೆಚ್ಚುತ್ತಾ ಕೂರುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಅವಳು ಪತ್ರಿಕೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು.

ಆದರೆ ಬಲೆಗೂ ಒಂದು ಕೊನೆ ಇರುತ್ತದಲ್ಲ. ಹನ್ನೊಂದನೆಯ ದಿನ ಹರಿದ ಕಣ್ಣು ಒಂದೂ ಉಳಿಯಲಿಲ್ಲ. ಮುದುಕ ಸೂಜಿ ಕೆಳಗಿಟ್ಟು, "ಆಯ್ತು. ಇನ್ನು ಹೊರಡೋಣ," ಎಂದು ಧಕ್ಕೆಯ ದಿಕ್ಕಿಗೆ ಮುಖ ಮಾಡಿದ. ಅವನನ್ನು ಒಳಗೆ ಕೂರಿಸಲು ಆ ಸಂಜೆ ಅವಳಿಗೆ ಸಾಕುಸಾಕಾಯಿತು.

ಮರುದಿನ ಅವನು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಲೊರೇನ್ ಅಡುಗೆಮನೆಯ ಕತ್ತರಿ ತೆಗೆದುಕೊಂಡು ಶೆಡ್ಡಿಗೆ ಹೋದಳು. ಒಂದು ಕಡೆ ಅಂಗೈ ಅಗಲ, ಇನ್ನೊಂದು ಕಡೆ ಮೊಳದುದ್ದ ಕತ್ತರಿಸಿ, ಕತ್ತರಿಯನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಬಂದಳು. ಎದ್ದ ಮುದುಕ ಹರಿದ ಬಲೆ ನೋಡಿ, "ಕಡಲಸಿಂಹ ಬಾಯಿ ಹಾಕಿದೆ," ಎಂದು ಬೈದು ಕೆಲಸಕ್ಕೆ ಕೂತ. ಅವಳಿಗೆ ನಗು ಬಂತು, ನೆಮ್ಮದಿಯೂ ಆಯಿತು. ಟವೆಲ್ಲಿನ ಉಪಾಯ ಇಲ್ಲಿ ಫಲಿಸಿತು ಎಂದುಕೊಂಡಳು.

ಎರಡು ವಾರ ಫಲಿಸಿತು. ಮೂರನೆಯ ವಾರ ಒಂದು ದಿನ ಅವನು ಹರಿದ ತುದಿಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ.

"ಏನಮ್ಮ, ಇಲ್ಲಿ ಬಾ. ಮೀನು ಕಚ್ಚಿದ್ರೆ ದಾರ ಹೀಗಿರುತ್ತಾ?"

"ಹೇಗಿದೆ ಮಾವ?"

"ಹಲ್ಲು ಬಿದ್ರೆ ದಾರ ಪಿಂಜಿಪಿಂಜಿ ಆಗುತ್ತೆ. ಕಲ್ಲಿಗೆ ಸಿಕ್ಕಿದ್ರೆ ಎಳೆದು ಹರಿಯುತ್ತೆ. ಇದು ನೀಟಾಗಿದೆ. ಇದು ಕಬ್ಬಿಣ." ಅವನು ದನಿ ತಗ್ಗಿಸಿದ. "ಯಾರೋ ನಮ್ಮ ಬಲೆ ಕತ್ತರಿಸ್ತಿದಾರೆ. ಯಾರಿಗೂ ಹೇಳ್ಬೇಡ."

ಆ ದಿನದಿಂದ ಕಾವಲು ಶುರುವಾಯಿತು. ಮಧ್ಯಾಹ್ನದ ನಿದ್ದೆ ನಿಂತಿತು. ಊಟಕ್ಕೆ ಕರೆದರೆ, "ನಾನು ಒಳಗೆ ಹೋದ್ರೆ ಅವನು ಬರ್ತಾನೆ," ಎನ್ನುತ್ತಿದ್ದ. ಮೀನು ಎಳೆಯುವ ಕೊಕ್ಕೆಕೋಲು ತಂದು ಮಡಿಲಲ್ಲಿಟ್ಟುಕೊಂಡು ಬಾಗಿಲಿಗೆ ಎದುರಾಗಿ ಕೂತ. ಗಾಳಿಗೆ ತಗಡು ಕಿರುಗುಟ್ಟಿದರೆ ಎದ್ದು ನಿಲ್ಲುತ್ತಿದ್ದ. ಕೆಲಸ ಹಾಗೇ ಬಿದ್ದಿತ್ತು. ಮೂರನೆಯ ದಿನ ಲೊರೇನ್ ಸಾರಿನ ಬಟ್ಟಲು ಹಿಡಿದು ಬಂದಾಗ ಅವನ ಗಲ್ಲದ ಮೂಳೆ ಎದ್ದು ಕಾಣುತ್ತಿತ್ತು, ಕಣ್ಣು ಕೆಂಪಾಗಿತ್ತು. ಅವಳ ಕೈ ಹಿಡಿದು ಪಿಸುಗುಟ್ಟಿದ:

"ನಾನು ಯಾರಿಗೆ ಏನು ಕೆಟ್ಟದ್ದು ಮಾಡಿದೀನಿ? ನಿನಗೇನಾದ್ರೂ ಗೊತ್ತಾ?"

ಬೇರೆಯವರು ಇನ್ನೊಂದು ಸುಳ್ಳು ಹೇಳಿ ಸಮಾಧಾನ ಮಾಡುತ್ತಿದ್ದರೋ ಏನೋ. ಲೊರೇನಳಿಗೆ ಆಗಲಿಲ್ಲ. ತಾನೇ ಹುಟ್ಟಿಸಿದ ಕಳ್ಳನಿಗೆ ಈ ಮನುಷ್ಯ ಹೆದರಿ ಕೂತಿದ್ದಾನೆ. ಅವಳು ಬಟ್ಟಲು ಕೆಳಗಿಟ್ಟು, ಅವನ ಎದುರಿಗೆ ನೆಲದಲ್ಲಿ ಕೂತಳು.

"ಮಾವ, ಯಾರೂ ಶತ್ರು ಇಲ್ಲ. ನಾನೇ ಕತ್ತರಿಸಿದ್ದು."

"ನೀನಾ?"

"ಹೌದು. ಅಡುಗೆಮನೆ ಕತ್ತರಿಯಲ್ಲಿ."

ಮುದುಕನ ಕೈ ಕೋಲಿನ ಮೇಲೆ ಬಿಗಿಯಾಯಿತು. ಅವನು ಎತ್ತಿ ಹೊಡೆದರೂ ಹೊಡೆಯಲಿ ಎಂದು ಅವಳು ಕೂತೇ ಇದ್ದಳು.

"ಯಾಕೆ?"

"ಕೆಲ್ಸ ಇರ್ಲಿ ಅಂತ. ಬಲೆ ಹರೀದೆ ಇದ್ರೆ ಕೆಲ್ಸ ಎಲ್ಲಿಂದ ಬರುತ್ತೆ?"

ಅವನು ಅವಳ ಬಣ್ಣ ಹೋದ ಸ್ವೆಟರನ್ನು ನೋಡಿದ, ಪಾತ್ರೆ ತಿಕ್ಕಿ ಒರಟಾದ ಕೈಗಳನ್ನು ನೋಡಿದ. ನಿಧಾನಕ್ಕೆ ಅವನ ಮುಖದ ಗಂಟು ಸಡಿಲವಾಯಿತು.

"ಅಯ್ಯೋ ಹುಚ್ಚಿ," ಎಂದ. "ಕೆಲ್ಸ ಬೇಕಿತ್ತಾ ನಿಂಗೆ? ಬಾಯಿಬಿಟ್ಟು ಕೇಳ್ಬಾರ್ದಾ? ಅದಕ್ಕೆ ಯಾರಾದ್ರೂ ಬಲೆ ಕತ್ತರಿಸ್ತಾರಾ?"

ಲೊರೇನ್ ಸಾರಿನ ಬಟ್ಟಲನ್ನು ಅವನ ಹತ್ತಿರಕ್ಕೆ ಸರಿಸಿದಳು.

"ಗಂಡ ಇಲ್ವಾ?"

"ಇದಾನೆ. ಕಡಲಿಗೆ ಹೋಗಿದಾನೆ."

"ಮನೆಗೇನೂ ತರೋದಿಲ್ವಾ?"

"ಹಂಗೇನಿಲ್ಲ, ತರ್ತಾನೆ," ಎಂದಳು. ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಕಣ್ಣೀರನ್ನು ಮಾತ್ರ ನೋಡಿದ ಮುದುಕ ತಲೆಯಾಡಿಸಿದ. ಅಂಥ ಗಂಡಂದಿರನ್ನು ತಾನು ಬೇಕಾದಷ್ಟು ಕಂಡಿದ್ದೇನೆ ಎಂಬಂತಿತ್ತು ಆ ತಲೆಯಾಟ.

"ನಾಳೆ ಏಳು ಗಂಟೆಗೆ ಬಾ. ತಡ ಮಾಡ್ಬೇಡ. ಸೂಜಿ ಹಿಡಿಯೋಕೆ ಬರುತ್ತಾ?"

"ಬರೋದಿಲ್ಲ."

"ಕಲೀತೀಯ," ಎಂದು ಕೋಲನ್ನು ಮೂಲೆಗೆ ಒರಗಿಸಿ, ಸಾರಿನ ಬಟ್ಟಲಿಗೆ ಕೈ ಚಾಚಿದ.

ಬೆಳಗಾಗುವಷ್ಟರಲ್ಲಿ ಅವನಿಗೆ ಎಲ್ಲ ಮರೆತಿರುತ್ತದೆ ಎಂದುಕೊಂಡೇ ಲೊರೇನ್ ಏಳು ಗಂಟೆಗೆ ಶೆಡ್ಡಿಗೆ ಹೋದಳು. ಮಾತು ಮರೆತಿತ್ತು. ಆದರೆ ಅವಳು, "ಬಲೆ ಕೆಲ್ಸಕ್ಕೆ ಬಂದಿದೀನಿ," ಎಂದಾಗ ಅವನು ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಅಂದಿನಿಂದ ದಿನಾ ಬೆಳಿಗ್ಗೆ ಅವಳು ಅದೇ ಮಾತು ಹೇಳುತ್ತಿದ್ದಳು, ದಿನಾ ಅವನು ಅವಳನ್ನು ಹೊಸದಾಗಿ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದ.

ಕಲಿಸುವವನಾಗಿ ಅವನು ಕೆಟ್ಟ ಕೋಪಿಷ್ಠ. "ಇದು ಗಂಟಾ? ಇದರಲ್ಲಿ ನಿಮ್ಮಜ್ಜಿ ಮೇಕೇನೂ ನಿಲ್ಲೋದಿಲ್ಲ!" ಎಂದು ಅವಳು ಹಾಕಿದ್ದನ್ನು ಹಲ್ಲಿನಿಂದ ಬಿಚ್ಚುತ್ತಿದ್ದ. ಹರಿದ ಕಡೆ ನೇರವಾಗಿ ಹೆಣೆಯಬಾರದು, ಮೊದಲು ಸುತ್ತಲಿನ ಹಾಳು ದಾರವನ್ನೆಲ್ಲ ಕತ್ತರಿಸಿ ತೂತನ್ನು ದೊಡ್ಡದು ಮಾಡಬೇಕು. ಮೂರು ಕಾಲು, ಅಂದರೆ ಮೂರು ಎಳೆ, ಉಳಿದಿರುವ ಗಂಟಿನಿಂದ ಶುರು ಮಾಡಬೇಕು, ಅಂಥದ್ದೇ ಇನ್ನೊಂದು ಗಂಟಿನಲ್ಲಿ ಮುಗಿಸಬೇಕು. ಬಲೆಯ ಕಣ್ಣಿನ ಅಳತೆಗೆ ಎರಡು ಬೆರಳು. ಅವಳ ಬೆರಳು ಸಣ್ಣ, ಹಾಗಾಗಿ ಎರಡೂವರೆ. ಇದನ್ನೆಲ್ಲ ಅವನು ಬಾಯಲ್ಲಿ ಹೇಳಲಾರದೆ ತಡವರಿಸುತ್ತಿದ್ದ. ಆಗ ಅವಳ ಕೈಯ ಮೇಲೆ ತನ್ನ ಕೈಯಿಟ್ಟು ಸೂಜಿಯನ್ನು ಒಳಗೆ ಹಾಯಿಸಿ ಹೊರಗೆ ಎಳೆಯುತ್ತಿದ್ದ. ಮೂವತ್ತಮೂರು ವರ್ಷದಲ್ಲಿ ಅವನು ಅವಳ ಕೈ ಮುಟ್ಟಿದ್ದೇ ಇಲ್ಲ ಎಂಬುದು ಅವಳಿಗೆ ಅಂಥ ಒಂದು ಬೆಳಿಗ್ಗೆ ಹೊಳೆಯಿತು.

ಅವಳು ಕತ್ತರಿಯ ವಿಷಯವನ್ನು ಪಾಂಡೆಲಿಸನಿಗೆ ಹೇಳಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಗಂಭೀರನಾಗಿ, "ಒಳ್ಳೇ ಬಲೆ ಯಾಕೆ ಹಾಳ್ಮಾಡ್ತೀಯಾ ಮಾರಾಯ್ತಿ? ನನ್ನ ಹತ್ರ ನಿಜವಾಗ್ಲೂ ಹರಿದಿದ್ದು ರಾಶಿ ಬಿದ್ದಿದೆ," ಎಂದ. ಮರುದಿನ ವ್ಯಾನಿನ ತುಂಬಾ ತಂದು ಸುರಿದ. ಉಪ್ಪಿನ ವಾಸನೆ, ಒಣಗಿದ ಕಡಲಪಾಚಿ, ಸಿಕ್ಕಿಬಿದ್ದು ಸತ್ತ ಸಣ್ಣ ಏಡಿಗಳು. ಮುದುಕನಿಗೆ ಹಬ್ಬ. ಹರಿದ ತುದಿಯನ್ನು ಬೆಳಕಿಗೆ ಹಿಡಿದು, "ನೋಡು, ಇದು ಹಲ್ಲು," ಎಂದು ಲೊರೇನಳಿಗೆ ತೋರಿಸಿದ. ಇನ್ನೊಂದು ಹಿಡಿದು, "ಇದು ಕಲ್ಲು."

ಮಿಹಾಲಿಸ್ ಊರಿಗೆ ಬಂದದ್ದು ಒಂದು ಶನಿವಾರ. ಹೆಂಡತಿ ಫೋನಿನಲ್ಲಿ ಎಲ್ಲ ಹೇಳಿದ್ದರೂ, ಶೆಡ್ಡಿನಲ್ಲಿ ಅಪ್ಪನೂ ಅವಳೂ ಮಂಡಿಗೆ ಮಂಡಿ ತಾಗಿಸಿಕೊಂಡು ಕೂತಿದ್ದನ್ನು ಕಂಡು ಅವನು ಬಾಗಿಲಲ್ಲೇ ನಿಂತುಬಿಟ್ಟ. ಮುದುಕ ತಲೆಯೆತ್ತಿದ. ಮಗ ಎಂದು ಗುರುತು ಸಿಗಲಿಲ್ಲ. ಬೂಟು, ಎಣ್ಣೆ ಕಲೆ, ಗಡ್ಡ ನೋಡಿ ದೋಣಿಯವನು ಎಂದಷ್ಟೇ ತಿಳಿಯಿತು.

"ಯಾವ ದೋಣಿ?"

"ಲಿಂಕನ್ ಕಡೇದು."

"ಹಾಗಾದ್ರೆ ನಿಂಗೆ ಗೊತ್ತಿರ್ಬೇಕು. ಈ ಹುಡುಗಿ ಗಂಡ ಆ ಕಡೆ ಎಲ್ಲೋ ದೋಣಿ ಮೇಲಿದಾನಂತೆ. ಹೆಂಡ್ತೀನ ಇಲ್ಲಿ ಬಿಟ್ಟು ವಾರಗಟ್ಲೆ ಪತ್ತೆ ಇಲ್ಲ. ಪಾಪ, ಕೆಲ್ಸ ಇಲ್ದೆ ಬಂದ್ಲು. ಒಳ್ಳೇ ಕೈ. ಮೊದಲು ಏನೂ ಬರ್ತಿರ್ಲಿಲ್ಲ, ಈಗ ನೋಡು." ಅವಳು ಹಾಕಿದ ಗಂಟುಗಳ ಸಾಲನ್ನು ಎತ್ತಿ ತೋರಿಸಿದ. "ಅವನು ಸಿಕ್ರೆ ನನ್ನ ಹೆಸರು ಹೇಳಿ ಕಪಾಳಕ್ಕೊಂದು ಬಿಡು."

ಮಿಹಾಲಿಸ್ ಹೆಂಡತಿಯ ಮುಖ ನೋಡಿದ. ಅವಳು ತುಟಿ ಕಚ್ಚಿ ಬಲೆಯೊಳಗೆ ತಲೆ ತಗ್ಗಿಸಿದಳು.

"ಬಿಡ್ತೀನಿ," ಎಂದ ಮಿಹಾಲಿಸ್.

"ಅವನಪ್ಪ ಯಾರೋ, ಸರಿಯಾಗಿ ಬೆಳೆಸಿಲ್ಲ."

"ಅವನಪ್ಪ ಸ್ವಲ್ಪ ಹಠಮಾರಿ ಅಂತ ಕೇಳಿದೀನಿ."

"ಇರ್ಬೇಕು," ಎಂದು ಮುದುಕ ಒಪ್ಪಿಕೊಂಡು ಮತ್ತೆ ಕೆಲಸಕ್ಕೆ ಬಾಗಿದ.

ಮಿಹಾಲಿಸ್ ಹಿತ್ತಿಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ತುಂಬಾ ಹೊತ್ತು ಮುಖ ತೊಳೆದ. ಲೊರೇನ್ ಟವೆಲ್ ತೆಗೆದುಕೊಂಡು ಹೋದಾಗ ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ಗೊತ್ತಾಗಲಿಲ್ಲ.

"ನನ್ನ ಗುರುತು ಹಿಡೀಲಿಲ್ಲ ಅವ್ರು," ಎಂದ.

"ನನ್ನ ಗುರುತೂ ಹಿಡಿಯೋದಿಲ್ಲ. ದಿನಾ ಬೆಳಿಗ್ಗೆ ಕೆಲ್ಸ ಕೇಳ್ಬೇಕು. ನಾಳೆ ನೀನೂ ಕೇಳು."

ಅವನು ಕೇಳಿದ. ಆಲೂಗಡ್ಡೆ ಸುಲಿಯುವ ಕೆಲಸ ಸಿಕ್ಕಿತು. ಬಲೆ ಮುಟ್ಟಲು ಬಿಡಲಿಲ್ಲ. ಆ ವರ್ಷದ ಮೀನುಗಾರಿಕೆ ಮುಗಿದ ಮೇಲೆ ಮಿಹಾಲಿಸ್ ಲಿಂಕನ್ನಿಗೆ ಹೋಗುವುದನ್ನು ಕಡಿಮೆ ಮಾಡಿ, ಇಲ್ಲೇ ದೋಣಿಗಳ ಎಂಜಿನ್ ರಿಪೇರಿಗೆ ನಿಂತ.

ಮುಂದಿನ ಚಳಿಗಾಲ ಬಂದಾಗ ಮುದುಕನ ಕೈಗೂ ಮರೆವು ಇಳಿಯಿತು. ಭೂಮಿಯ ಆ ದಕ್ಷಿಣ ಭಾಗದಲ್ಲಿ ಚಳಿ ಕೊರೆಯುವ ಜುಲೈ ತಿಂಗಳ ಒಂದು ಬೆಳಿಗ್ಗೆ ಸೂಜಿ ಹಿಡಿದವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಏನು ಮಾಡುವುದೆಂದು ತೋಚದೆ ಮೇಜಿನ ಮೇಲಿಟ್ಟ. ಲೊರೇನ್ ಖಾಲಿ ಸೂಜಿಗಳಿಗೆ ದಾರ ಸುತ್ತುವ ಕೆಲಸ ಕೊಟ್ಟಳು. ಅದು ಎರಡು ತಿಂಗಳು ನಡೆಯಿತು. ಅದೂ ಕೈಬಿಟ್ಟ ಮೇಲೆ, ಅವಳು ಹೆಣೆಯುವಾಗ ಬಲೆಯ ಅಂಚನ್ನು ಎಳೆದು ಹಿಡಿಯುವ ಕೆಲಸ ಕೊಟ್ಟಳು. ಅದು ಸುಳ್ಳು ಕೆಲಸವಲ್ಲ. ಒಬ್ಬರು ಹಿಡಿದುಕೊಂಡರೆ ಗಂಟು ಸರಿಯಾಗಿ ಕೂರುತ್ತದೆ, ಅವಳಿಗೂ ಅದು ಬೇಕಾಗಿತ್ತು. ಪಾಂಡೆಲಿಸನ ಬಲೆಗಳನ್ನೆಲ್ಲ ಈಗ ಅವಳೇ ಸರಿಮಾಡುತ್ತಿದ್ದಳು. ಬೇರೆ ದೋಣಿಯವರೂ ಕೇಳಿಕೊಂಡು ಬರುತ್ತಿದ್ದರು.

ಬ್ರೊನ್ವಿನ್ ಬಂದಾಗ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿ, ತನ್ನ ಪುಸ್ತಕದಲ್ಲಿ ಇದಿಲ್ಲವಲ್ಲ ಎಂದಳು. "ಬಟಾಣಿ ಇದೆಯಲ್ಲ, ಅದನ್ನ ತೆಗೀಬೇಡಿ," ಎಂದಳು ಲೊರೇನ್. "ಇವತ್ತೂ ಸುಲಿದ್ರು. ಅರ್ಧ ತಿಂದ್ರು."

ಮುದುಕ ಎರಡೂ ಕೈಯಲ್ಲಿ ಬಲೆ ಹಿಡಿದು ಕೂತಿದ್ದ.

"ಯಾರ ಬಲೆ ಇದು?" ಎಂದು ಕೇಳಿದ.

"ಪಾಂಡೆಲಿಸನದ್ದು, ಮಾವ."

"ಒಳ್ಳೇವ್ನಾ?"

"ಒಳ್ಳೇವ್ನು."

"ಹಾಗಾದ್ರೆ ಗಟ್ಟಿಯಾಗಿ ಹಾಕು."

ಅವಳು ನಾಲ್ಕು ಕಣ್ಣು ಹೆಣೆಯುವಷ್ಟರಲ್ಲಿ ಅವನು ಮತ್ತೆ, ಯಾರ ಬಲೆ ಇದು ಎಂದ. ಅವಳು ಮತ್ತೆ ಹೇಳಿದಳು. ಊಟದ ಹೊತ್ತಿನವರೆಗೂ ಅವನು ಕೇಳುತ್ತಲೇ ಇದ್ದ, ಅವಳು ಹೇಳುತ್ತಲೇ ಇದ್ದಳು. ಹಿಡಿದ ಅಂಚನ್ನು ಮಾತ್ರ ಅವನು ಬಿಡಲಿಲ್ಲ.